ಹರಿಯುವಾಗ ಹಿಡಿಯದ ರಕ್ತ

ಮಾರ್ಚ್ 4

ಗಾಜಿನ ಚಾನೆಲ್ ಮತ್ತೆ ಕಟ್ಟಿಕೊಂಡಿತು. ಗುಳ್ಳೆ. ಬೆಳಗಿನಿಂದ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಅಷ್ಟರಲ್ಲಿ ವಿಭಾಗದ ಹೆಡ್ ಅತಿಥಿಗಳನ್ನು ಕರೆತಂದರು. ಅವರಿಗೆ ಲ್ಯಾಬ್ ಎಂದರೆ ಪ್ರದರ್ಶನದ ಮಳಿಗೆ. ಮತ್ತೆ ಅದೇ ಗಿಳಿಪಾಠ ಒಪ್ಪಿಸಿದೆ — ಇದು ಕೂದಲೆಳೆಯಷ್ಟು ಕಿರಿದಾದ ಗಾಜಿನ ಕಾಲುವೆ, ತಳಕ್ಕೆ ಕೊಲ್ಯಾಜನ್ ಬಳಿದಿದೆ, ಗಾಯವಾದ ರಕ್ತನಾಳದ ಗೋಡೆ ಎಂದುಕೊಳ್ಳಿ. ಪಂಪಿನಿಂದ ರಕ್ತ ಹರಿಸುತ್ತೇವೆ. ರಕ್ತದಲ್ಲೊಂದು ಉದ್ದದ ಪ್ರೋಟೀನ್ ನೂಲುಂಡೆಯ ಹಾಗೆ ಸುತ್ತಿಕೊಂಡಿರುತ್ತದೆ. ಹರಿವು ಜೋರಾದಾಗ ಅದು ಬಿಚ್ಚಿಕೊಂಡು, ಓಡುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಕೊಕ್ಕೆ ಹಾಕಿ ಹಿಡಿಯುತ್ತದೆ. ಅವು ಒಂದರ ಮೇಲೊಂದು ಕೂತು ಗಾಯ ಮುಚ್ಚುತ್ತವೆ. ಆ ಹಸಿರು ಚುಕ್ಕಿಗಳೇ ಅವು.

ಅತಿಥಿಯೊಬ್ಬರು: "ಚೆನ್ನಾಗಿದೆ. ಸ್ಕ್ರೀನ್ ಸೇವರ್ ಮಾಡ್ಬಹುದು."

ಹೆಡ್ ನಕ್ಕರು. ನಾನೂ ಹಲ್ಲು ಕಿರಿದೆ. ಹಲ್ಲು ಕಿರಿಯುವುದಕ್ಕೂ ಸಂಬಳದಲ್ಲಿ ಪಾಲಿರಬೇಕು.

ಮನೆಗೆ ಬಂದರೆ ಊಟದ ಮೇಜಿನ ತಲೆಯಲ್ಲಿ ಚೀಫ್. ನನ್ನ ಮಾವ. ನೀರು ಸರಬರಾಜಿನ ಚೀಫ್ ಇಂಜಿನಿಯರ್ ಆಗಿ ನಿವೃತ್ತರಾದವರು. ಹುದ್ದೆ ಹೋದರೂ ಹೆಸರು ಅಂಟಿಕೊಂಡಿದೆ. ತಮ್ಮ ಮನೆಯ ರಿಪೇರಿ ಮುಗಿಯುವವರೆಗೆ ಎಂದು ನಮ್ಮಲ್ಲಿಗೆ ಬಂದರು. ರಿಪೇರಿ ಮುಗಿದು, ಆ ಮನೆಯನ್ನು ಬಾಡಿಗೆಗೆ ಕೊಟ್ಟೂ ಆಯಿತು. ಇವರು ಮಾತ್ರ ಇಲ್ಲೇ.

"ಏನಮ್ಮಾ, ಇವತ್ತೆಷ್ಟು ರಕ್ತ ಹರಿಸಿದೆ?"

"ಅರ್ಧ ಚಮಚ, ಮಾವ."

"ನಾನು ಇಡೀ ಜಿಲ್ಲೆಗೆ ನೀರು ಹರಿಸಿದವನು. ನೀನು ಚಮಚದಲ್ಲಿ ಹರಿಸ್ತೀಯ. ಅದಕ್ಕೊಂದು ಪಿಎಚ್‌ಡಿ ಬೇರೆ."

ಗಂಡ ತಟ್ಟೆಯೊಳಗೆ ಮುಖ ಹುದುಗಿಸಿದ. ಅವನ ಇಡೀ ದಾಂಪತ್ಯ ತಟ್ಟೆಯೊಳಗೇ ಕಳೆದಿದೆ.

ಮಾರ್ಚ್ 11

ಚೀಫ್ ಮೆಟ್ಟಿಲ ನಡುವೆ ನಿಂತುಬಿಟ್ಟರು. ಏದುಸಿರು. ಮುಖ ಕಾಗದದ ಹಾಗೆ. ಕೇಳಿದ್ದಕ್ಕೆ, "ಈ ಮೆಟ್ಟಿಲು ಕಟ್ಟಿದವನಿಗೆ ಎತ್ತರದ ಲೆಕ್ಕವೇ ಬರಲ್ಲ" ಎಂದರು. ಇಷ್ಟು ದಿನ ಇದೇ ಮೆಟ್ಟಿಲನ್ನು ಧಡಧಡ ಹತ್ತುತ್ತಿದ್ದರು. ಆಗ ಲೆಕ್ಕ ಸರಿಯಿತ್ತೋ ಏನೋ.

ಡಾಕ್ಟರ್ ಹತ್ತಿರ ಹೋಗೋಣ ಎಂದೆ.

"ಅವರಿಗೇನು ಗೊತ್ತು?"

ಆಯಿತು. ನನಗೇನು? ಹಾಗೇ ನಿಂತಿರಲಿ.

ಮಾರ್ಚ್ 18

ಬಚ್ಚಲಲ್ಲಿ ಕುಸಿದರು. ಬಾಗಿಲಿಗೆ ಒಳಗಿಂದ ಚಿಲಕ. ಗಂಡ ಭುಜ ಕೊಟ್ಟು ಒಡೆದ. ಮದುವೆಯಾದ ಹದಿನಾರು ವರ್ಷದಲ್ಲಿ ಅವನು ಅಪ್ಪನ ಮಾತು ಮೀರಿದ್ದು ಅದೊಂದೇ ಸಲ — ಒಳಗಿಂದ ಅವರು "ಒಡೀಬೇಡ, ಬಾಗಿಲು ಹಾಳಾಗತ್ತೆ" ಎನ್ನುತ್ತಲೇ ಇದ್ದರು.

ಹಿಮೋಗ್ಲೋಬಿನ್ ಆರಕ್ಕೆ ಇಳಿದಿದೆಯಂತೆ. ಇಷ್ಟರಲ್ಲಿ ಜನ ನಡೆದಾಡುವುದೇ ಹೆಚ್ಚು. ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತಿದ್ದದ್ದು ಈಗ ಬಾಯಿಬಿಟ್ಟರು. ಅದೂ ನರ್ಸ್ ಗದರಿದ ಮೇಲೆ. ಯಾಕೆ ಹೇಳಲಿಲ್ಲ ಎಂದರೆ, "ಅದೆಲ್ಲ ಊಟದ ಮೇಜಲ್ಲಿ ಹೇಳೋ ವಿಷಯಾನಾ?"

ರಕ್ತ ಏರಿಸಿದರು. ಡ್ರಿಪ್ಪಿನ ವೇಗ ತಪ್ಪಿದೆ ಎಂದು ಚೀಫ್ ನರ್ಸಿಗೆ ಪಾಠ ಮಾಡಿದರು. ಆಕೆ ಪರದೆ ಎಳೆದುಬಿಟ್ಟಳು. ಆಕೆಯ ಮೇಲೆ ಗೌರವ ಹುಟ್ಟಿತು.

ಮಾರ್ಚ್ 21

ಮೇಲಿಂದ ಕೊಳವೆ ಇಳಿಸಿ ನೋಡಿದರು, ಕೆಳಗಿಂದ ಏರಿಸಿ ನೋಡಿದರು. ಏನೂ ಇಲ್ಲ. ಹೆಪ್ಪುಗಟ್ಟುವ ಟೆಸ್ಟುಗಳೆಲ್ಲ ನಾರ್ಮಲ್. ಹೊಟ್ಟೆಯ ಡಾಕ್ಟರ್ ಕೈ ಚೆಲ್ಲಿದರು. ಕರುಳಿನಲ್ಲಿ ಎಲ್ಲೋ ಸಣ್ಣ ನಾಳ ಒಸರುತ್ತಿರಬೇಕು, ವಯಸ್ಸಾದವರಲ್ಲಿ ಇದ್ದದ್ದೇ ಅಂತೆ. ಕಬ್ಬಿಣದ ಮಾತ್ರೆ ಬರೆದು ಮನೆಗೆ ಕಳಿಸಿದರು. ಆ ಮಾತ್ರೆಗೂ ಮಲ ಕಪ್ಪಗಾಗುತ್ತದೆ. ಇನ್ನು ರಕ್ತ ಹೋದರೂ ಗೊತ್ತಾಗದ ಹಾಗೆ ಅಚ್ಚುಕಟ್ಟಾದ ವ್ಯವಸ್ಥೆ.

ಏಪ್ರಿಲ್ 6

ಮತ್ತೆ ಅದೇ ವಾರ್ಡು, ಅದೇ ಕಿಟಕಿ. ಏರಿಸಿದ್ದೆಲ್ಲ ಇಳಿದುಹೋಗಿದೆ.

ವಾರ್ಡಿನ ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟವಳು ತೆಗೆಯಲೇ ಇಲ್ಲ. "ನಿಮಗೆ ಹಾರ್ಟಲ್ಲಿ ಮರ್ಮರ್ ಇದೆಯಾ ಅಂಕಲ್?"

"ಅಂಕಲ್ ಅನ್ನಬೇಡಿ. ಅದು ಹಳೇದು. ನನ್ನ ಮೋಟಾರಿನ ಸದ್ದು."

"ಜೋರಾಗಿದೆ. ವಾಲ್ವ್ ಕಿರಿದಾಗಿರಬೇಕು."

ಅವಳು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದಳು. ನಾನು ಅಲ್ಲೇ ಕಲ್ಲಾದೆ.

ಕಿರಿದಾದ ವಾಲ್ವ್. ಅದರಲ್ಲಿ ನುಗ್ಗುವ ರಕ್ತ. ನುಗ್ಗಿದರೆ ನೂಲು ಬಿಚ್ಚುತ್ತದೆ. ಬಿಚ್ಚಿದ ನೂಲನ್ನು ಕತ್ತರಿಸುವ ಕಿಣ್ವ ರಕ್ತದಲ್ಲೇ ಇದೆ. ಪ್ರತಿ ಬಡಿತಕ್ಕೂ ಕತ್ತರಿ, ಕತ್ತರಿ, ಕತ್ತರಿ... ಉದ್ದದ ನೂಲೇ ಉಳಿಯುವುದಿಲ್ಲ. ಕರುಳಿನಲ್ಲಿ ಒಸರಿದರೆ ಮುಚ್ಚುವವರಿಲ್ಲ. ಪುಸ್ತಕದಲ್ಲಿ ಓದಿದ್ದು, ಸೆಮಿನಾರಿನಲ್ಲಿ ಹೇಳಿದ್ದು, ಸ್ಲೈಡ್ ಕೂಡ ಇದೆ. ಅದೇ ರೋಗ ನನ್ನ ಎದುರು ಕೂತು ದಿನಾ ಊಟ ಮಾಡುತ್ತಿತ್ತು — ಉಪ್ಪು ಸಾಲದು ಎಂದು ಗೊಣಗುತ್ತ.

ಏಪ್ರಿಲ್ 7

ಹೊಟ್ಟೆಯ ಡಾಕ್ಟರ್ ಬಳಿ ಜಗಳಕ್ಕೆ ಸಿದ್ಧಳಾಗಿ ಹೋದೆ. ಮೂರು ಸಂಶೋಧನಾ ಪೇಪರ್ ಪ್ರಿಂಟ್ ತೆಗೆದು, ಗೆರೆ ಎಳೆದು. ಆತ ಪೂರ್ತಿ ಕೇಳಿಸಿಕೊಂಡು, "ಹೌದಲ್ವಾ... ನನಗೆ ಹೊಳೀಲೇ ಇಲ್ಲ" ಎಂದು ಅಲ್ಲಿಂದಲೇ ಹೃದಯದ ಡಾಕ್ಟರಿಗೆ ಫೋನ್ ಮಾಡಿದರು. ಒಳ್ಳೆಯ ಜಗಳವೊಂದು ಹಾಳಾಯಿತು. ಕೆಲವರು ಒಳ್ಳೆಯವರಾಗಿ ನಮ್ಮ ತಯಾರಿಯನ್ನೆಲ್ಲ ದಂಡ ಮಾಡುತ್ತಾರೆ.

ಸಂಜೆಗೆ ಎಕೋ, ಹೃದಯದ ಸ್ಕ್ಯಾನ್. ವಾಲ್ವ್ ಸುಣ್ಣಗಟ್ಟಿ ಸೀಳುಗಂಡಿಯಷ್ಟೇ ತೆರೆಯುತ್ತಿದೆ. ಬದಲಿಸಬೇಕು. ಎದೆ ಸೀಳಬೇಕಿಲ್ಲ, ತೊಡೆಯ ನಾಳದಿಂದ ಕೊಂಡೊಯ್ದು ಕೂರಿಸುತ್ತಾರೆ. ಅಪಾಯ ಇಲ್ಲದಿಲ್ಲ. ರಕ್ತಸ್ರಾವ ಇದರಿಂದಲೇ ಎಂದು ಖಚಿತಪಡಿಸಿಕೊಳ್ಳಲು ನಿಮ್ಮ ಲ್ಯಾಬಿನ ಹರಿವಿನ ಟೆಸ್ಟ್ ಮಾಡಿಕೊಡಿ ಎಂದರು ಹೃದಯದ ಡಾಕ್ಟರ್. ಹೆಡ್ ಕೂಡಲೇ ಸಹಿ ಹಾಕಿದರು. ಕರುಣೆಯಿಂದಲ್ಲ, ಪೇಪರಿನ ವಾಸನೆ ಹತ್ತಿತ್ತು.

ಏಪ್ರಿಲ್ 9

ಚೀಫ್ ಒಪ್ಪಲಿಲ್ಲ.

"ಹೊಟ್ಟೇಲಿ ರಕ್ತ ಹೋಗ್ತಿದೆ ಅಂದ್ರೆ ಹಾರ್ಟಿಗೆ ಕೈ ಹಾಕ್ತಾರಂತೆ. ಕೆಳಗಿನ ಬೀದಿ ಪೈಪ್ ಸೋರಿದ್ರೆ ಬೆಟ್ಟದ ಮೇಲಿನ ಟ್ಯಾಂಕಿನ ಗೇಟ್ ಬದಲಿಸೋದಾ?"

"ಕೆಲವು ಸಲ ಹೌದು, ಮಾವ."

"ಇದು ನಿನ್ನ ಐಡಿಯಾ ತಾನೇ?"

"ಹೌದು."

"ಹಾಗಾದ್ರೆ ಬೇಡ."

ಆ ಮೇಲೆ ನಾದಿನಿಯ ಫೋನ್. ದೂರದ ಊರಲ್ಲಿ ಕೂತು ಅಪ್ಪನ ಬಗ್ಗೆ ಎಲ್ಲವನ್ನೂ ಬಲ್ಲವಳು. "ಅತ್ತಿಗೆ, ನಿಮ್ಮ ಪ್ರಯೋಗಕ್ಕೆ ಅಪ್ಪಾನೇ ಬೇಕಿತ್ತಾ? ಬೇರೆ ಯಾರೂ ಸಿಗಲಿಲ್ವಾ?"

"ಬೇರೆಯವರ ರಕ್ತ ಹೀಗೆ ಹರಿದುಹೋಗ್ತಿಲ್ಲ."

"ನೀವು ಅವರನ್ನ ಹೇಗೆ ನೋಡ್ಕೋತೀರಿ ಅಂತ ನಮಗೆಲ್ಲ ಗೊತ್ತಿದೆ."

ಹೇಗೆ ನೋಡಿಕೊಳ್ಳುತ್ತೇನೆ? ಸಮಯಕ್ಕೆ ಮಾತ್ರೆ, ಸಮಯಕ್ಕೆ ಊಟ. ಇವಳು ಹುಟ್ಟುಹಬ್ಬಕ್ಕೆ ಕೊರಿಯರಿನಲ್ಲಿ ಸ್ವೆಟರ್ ಕಳಿಸುತ್ತಾಳೆ. ಅದೂ ಅಳತೆ ತಪ್ಪಿ.

ಏಪ್ರಿಲ್ 10

ಗಂಡನನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದೆ. ನೀನಾದರೂ ಹೇಳು, ನೀನು ಮಗ.

ಬಟ್ಟಲು ಒರೆಸುತ್ತ ನಿಂತ. ಒರೆಸಿದ್ದನ್ನೇ ಒರೆಸುತ್ತ.

"ನೀನು ಹೇಳಿದ್ದು ಸರಿ ಇರಬಹುದು. ಆದ್ರೆ ನಿನಗೆ ಅಪ್ಪನ್ನ ಕಂಡ್ರೆ ಆಗಲ್ಲ. ಎಲ್ಲರಿಗೂ ಗೊತ್ತು. ಅಪ್ಪನಿಗೂ ಗೊತ್ತು. ಹಾಗಿರೋವಾಗ ನೀನು ಹೇಳಿದ್ದು ಹೇಗೆ ನಂಬ್ತಾರೆ?"

"ರಕ್ತಕ್ಕೆ ನಾನು ಯಾರನ್ನ ಕಂಡ್ರೆ ಆಗಲ್ಲ ಅಂತ ಗೊತ್ತಿರುತ್ತಾ?"

"ರಕ್ತಕ್ಕಲ್ಲ. ಮನುಷ್ಯರಿಗೆ."

ಇವನ ಬಾಯಿಂದ ಒಂದು ಸರಿಯಾದ ಮಾತು ಬಂದದ್ದಕ್ಕೆ ಸಿಟ್ಟು ಬಂತು. ನಿಜ, ಕಂಡರೆ ಆಗುವುದಿಲ್ಲ. ಅವರ ಕೆಮ್ಮು, ಅವರ ಚಪ್ಪಲಿ ಸದ್ದು, ಪೇಪರ್ ಮಡಿಸುವ ರೀತಿ, ಎಲ್ಲ. ಆದರೆ ಆಗದವರೆಲ್ಲ ಸಾಯಲಿ ಎಂದು ಯಾರು ಬಯಸಿದರು? ಹಾಗೆ ಬಯಸಿದ್ದರೆ ಮೊದಲು ಹೆಡ್.

ಏಪ್ರಿಲ್ 13

ಮೂರನೆಯ ಸಲ ರಕ್ತ ಏರಿಸಿದರು. ಈಗ ನರ್ಸಿಗೆ ಪಾಠವನ್ನೂ ಮಾಡುತ್ತಿಲ್ಲ. ಕಣ್ಣು ಮುಚ್ಚಿ ಮಲಗಿದ್ದರು. ಡ್ರಿಪ್ ನಿಜಕ್ಕೂ ತಪ್ಪು ವೇಗದಲ್ಲಿ ಬೀಳುತ್ತಿತ್ತು. ನಾನೇ ಹೇಳಿ ಸರಿಮಾಡಿಸಿದೆ.

ಹೊರಡುವಾಗ ಕಣ್ಣು ತೆರೆಯದೆ ಕೇಳಿದರು: "ಆ ನಿನ್ನ ಚಮಚದ ಟೆಸ್ಟು. ನಾನು ನೋಡಬಹುದಾ?"

"ವರದಿನಾ?"

"ವರದಿ ಯಾರಿಗೆ ಬೇಕು? ವರದಿ ನಾನೂ ಬರೆಸಿದೀನಿ ಬೇಕಾದಷ್ಟು. ಹರಿಯೋದನ್ನ ನೋಡಬೇಕು."

ಏಪ್ರಿಲ್ 15

ಬಂದರು. ಗಾಲಿಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಆಸ್ಪತ್ರೆಯಿಂದ ನಮ್ಮ ಕಟ್ಟಡಕ್ಕೆ ಒಂದೇ ಮುಚ್ಚಿದ ಹಾದಿ, ಗಂಡ ತಳ್ಳಿಕೊಂಡು ತಂದ. ಬಾಗಿಲಲ್ಲೇ ಶುರು.

"ಇದಾ ಪಂಪು? ಆಟದ ಸಾಮಾನು."

ಬೆಳಿಗ್ಗೆ ತೆಗೆದ ಅವರ ರಕ್ತ, ಪಕ್ಕದಲ್ಲಿ ನನ್ನದು. ಎರಡಕ್ಕೂ ಒಂದೇ ಬಣ್ಣ ಹಾಕಿ, ಒಂದೇ ತರಹದ ಚಾನೆಲ್‌ಗೆ ಬಿಟ್ಟೆ. ಎರಡರಿಂದಲೂ ಹೊರಗೆ ಬೀಳುವ ಹನಿ ಒಂದೇ ಸಮ. ನೂಲಿನ ಗಿಳಿಪಾಠ ಒಪ್ಪಿಸಿ, ದೀಪ ಆರಿಸಿ ಪರದೆಗೆ ಹಾಕಿದೆ. ನನ್ನದರಲ್ಲಿ ಹಸಿರು ಚುಕ್ಕಿ ಒಂದು, ಹತ್ತು, ಆಮೇಲೆ ತೆಪ್ಪೆ ತೆಪ್ಪೆ. ಅವರದರಲ್ಲಿ ಖಾಲಿ ಕಪ್ಪು ನೆಲ. ಚುಕ್ಕಿಗಳು ಬರುತ್ತವೆ, ಸೋಕುತ್ತವೆ, ಜಾರಿ ಹೋಗುತ್ತವೆ. ನಿಲ್ಲುವುದಿಲ್ಲ.

ಗಂಡ ಉಸಿರು ಎಳೆದುಕೊಂಡ. ಚೀಫ್ ಹುಬ್ಬು ಗಂಟಿಕ್ಕಿದರು.

"ನನಗೆ ರಕ್ತ ಕಡಿಮೆ ಇದೆ. ತೆಳು ರಕ್ತ. ಅದಕ್ಕೇ ಹಿಡೀತಿಲ್ಲ."

ಇಷ್ಟು ವರ್ಷ ಬಂದುಹೋದ ಅತಿಥಿಗಳಲ್ಲಿ ಒಬ್ಬನೂ ಕೇಳದ ಪ್ರಶ್ನೆ. ನನಗೆ ಕೋಪವೇ ಬಂತು. ಕೇಳಬೇಕಾದವರು ಇವರೇ ಆಗಬೇಕಿತ್ತೇ?

"ನನ್ನ ರಕ್ತವನ್ನೂ ನಿಮ್ಮದರಷ್ಟೇ ತೆಳು ಮಾಡಿದೀನಿ, ಮಾವ."

"ಹೂಂ. ವೇಗ ಇಳಿಸು."

ಇಳಿಸಿದೆ. ಹೊಸ ಚಾನೆಲ್. ನಿಧಾನ ಹರಿವಿನಲ್ಲಿ ಅವರದರಲ್ಲೂ ಚುಕ್ಕಿ ಅಲ್ಲೊಂದು ಇಲ್ಲೊಂದು ಕೂರತೊಡಗಿತು. ಆಮೇಲೆ ಚೆನ್ನಾಗಿಯೇ ಕೂತಿತು.

"ಏರಿಸು."

ಏರಿಸಿದೆ. ಹೊಸದಾಗಿ ಒಂದೂ ಹಿಡಿಯಲಿಲ್ಲ.

ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನಿಧಾನಕ್ಕೆ ಹೋದ್ರೆ ಹಿಡಿಯುತ್ತೆ. ವೇಗವಾದ್ರೆ ಕೈ ಬಿಡುತ್ತೆ. ವೇಗದಲ್ಲಿ ಹಿಡಿಯೋಕೇ ಆ ನಿನ್ನ ನೂಲು ಬೇಕು. ಅದು ಇಲ್ಲ."

"ತುಂಡಾಗಿದೆ. ವಾಲ್ವಲ್ಲಿ."

"ಗಂಡಿ ಕಿರಿದಾದಷ್ಟೂ ವೇಗ. ಅದು ನನಗೆ ನೀನು ಹೇಳಬೇಕಾಗಿಲ್ಲ." ಮತ್ತೆ ಪರದೆ ನೋಡಿದರು. "ಆಸ್ಪತ್ರೆಯವರು ಎಲ್ಲ ಟೆಸ್ಟೂ ನಾರ್ಮಲ್ ಅಂದ್ರಲ್ಲ?"

"ಅವರು ರಕ್ತವನ್ನ ಟ್ಯೂಬಿನಲ್ಲಿ ನಿಲ್ಲಿಸಿ ನೋಡ್ತಾರೆ. ನಿಂತ ರಕ್ತದಲ್ಲಿ ಇದು ಕಾಣಲ್ಲ."

"ನಿಲ್ಲಿಸಿ?" ಅವರ ದನಿ ಏರಿತು. ವಾರಗಳಿಂದ ಕೇಳದ ದನಿ. "ಪೈಪಿಗೆ ನೀರೇ ಬಿಡದೆ ಸೋರ್ತಿಲ್ಲ ಅಂತ ಸರ್ಟಿಫಿಕೇಟ್ ಕೊಡೋ ಕಂಟ್ರಾಕ್ಟರುಗಳನ್ನ ನಾನು ಮನೆಗೆ ಕಳಿಸಿದೀನಿ!"

"ಇವರು ನಿಮ್ಮನ್ನ ಮನೆಗೆ ಕಳಿಸಿದ್ರು. ಕಬ್ಬಿಣದ ಮಾತ್ರೆ ಕೊಟ್ಟು."

"ಕತ್ತೆಗಳು."

"ಬಿಳಿ ಕೋಟು ಹಾಕಿದ ಕತ್ತೆಗಳು, ಮಾವ."

ಮುಖ ತಿರುಗಿಸಿ ನನ್ನನ್ನು ನೋಡಿದರು. ಮೊದಲ ಸಲ ನೋಡಿದ ಹಾಗೆ. ನಕ್ಕರು. ಅವರಿಗೆ ಹಲ್ಲಿರುವುದೇ ನನಗೆ ಗೊತ್ತಿರಲಿಲ್ಲ.

ಲಿಫ್ಟಿನಲ್ಲಿ ಇಳಿಯುವಾಗ ಇಬ್ಬರೂ ಸೇರಿ ಇಡೀ ಆಸ್ಪತ್ರೆಯನ್ನು ಜಾಲಾಡಿದೆವು. ಸೂಪು, ಪರದೆ, ಬಿಲ್ ಕೌಂಟರಿನವನ ಮೀಸೆ, ಅಂಕಲ್ ಎನ್ನುವವರು. ನಮ್ಮ ಹೆಡ್ ಬಗ್ಗೆ ಕೇಳಿ, "ನಮ್ಮಲ್ಲೂ ಒಬ್ಬ ಇದ್ದ. ಉದ್ಘಾಟನೆಗೆ ಮಾತ್ರ ನಲ್ಲಿ ತಿರುಗಿಸೋನು" ಎಂದರು. ಗಂಡ ನಮ್ಮಿಬ್ಬರ ಮುಖ ಮುಖ ನೋಡುತ್ತ ನಿಂತಿದ್ದ, ಲಿಫ್ಟಿಗೆ ಬೇರೆ ಯಾರೋ ಹತ್ತಿದ್ದಾರೆ ಎನ್ನುವಂತೆ.

ಏಪ್ರಿಲ್ 16

ಸಹಿ ಹಾಕಿದರು. ಹೃದಯದ ಡಾಕ್ಟರನ್ನು ಕೂರಿಸಿಕೊಂಡು ಹೊಸ ವಾಲ್ವಿನ ಅಗಲ, ಸೋರಿಕೆ, ಬಾಳಿಕೆ ಎಲ್ಲ ಕೇಳಿದ ಮೇಲೆ. ಪಾರ್ಶ್ವವಾಯುವಿನ ಸಾಧ್ಯತೆಯನ್ನೂ ಆತ ಬಿಡಿಸಿ ಹೇಳಿದರು. ಸುಣ್ಣದ ಚೂರು ಕಳಚಿ ಮೆದುಳಿಗೆ ಹೋಗಬಹುದು.

ಚೀಫ್: "ಹಳೇ ಪೈಪಿಗೆ ಕೈ ಹಾಕಿದ್ರೆ ತುಕ್ಕು ಏಳೋದೇ. ಮಾಡಿ."

ನನಗೆ: "ನೀನು ಹೇಳಿದೆ ಅಂತ ಅಲ್ಲ. ನಾನು ನೋಡಿದೆ ಅಂತ."

ಸರಿ. ಅಷ್ಟು ಅಹಂಕಾರ ಇರಲಿ. ಅದಿಲ್ಲದಿದ್ದರೆ ಬೇರೆ ಯಾರನ್ನೋ ಬದುಕಿಸಿದ ಹಾಗಾಗುತ್ತದೆ.

ಏಪ್ರಿಲ್ 22

ವಾಲ್ವ್ ಕೂತಿತು. ಚೆನ್ನಾಗಿ ಕೂತಿತು.

ಅವರು ಎಚ್ಚರವಾದಾಗ ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ಏಳುತ್ತಿಲ್ಲ. ಮಾತಿಲ್ಲ.

ಏಪ್ರಿಲ್ 23

ಅವರ ಇವತ್ತಿನ ರಕ್ತ ಹರಿಸಿದೆ. ಅದೇ ವೇಗ. ಹಿಡಿಯಿತು. ಹಸಿರು ತೆಪ್ಪೆ ತೆಪ್ಪೆಯಾಗಿ ಹರಡಿ ಪರದೆ ತುಂಬಿತು. ನೂಲು ಒಂದೇ ದಿನದಲ್ಲಿ ಮರಳಿದೆ. ನೋಡುತ್ತ ಕೂತೆ. ಎಂದೂ ಇಷ್ಟು ಚೆಂದದ ಫಲಿತಾಂಶ ಬಂದಿರಲಿಲ್ಲ.

ಹೆಡ್ ಬಂದು ಹೆಗಲ ಮೇಲಿಂದ ಇಣುಕಿ, "ಬ್ಯೂಟಿಫುಲ್! ಮುಂಚಿನದು, ಆಮೇಲಿನದು, ಅಕ್ಕಪಕ್ಕ ಹಾಕೋಣ" ಎಂದರು. ಮನಸ್ಸಿನಲ್ಲಿ ಉಗಿದೆ. ಆಮೇಲೆ ಬಾಯಿಬಿಟ್ಟೂ ಉಗಿದೆ. ಕೆಲಸ ಹೋದರೆ ಹೋಗಲಿ. ಹೋಗುವುದಿಲ್ಲ, ಪೇಪರ್ ಬರೆಯುವವಳು ನಾನೇ.

ನಾದಿನಿ ಬಂದಿಳಿದಳು. ವಾರ್ಡಿನ ಹೊರಗೆ ಎಲ್ಲರ ಎದುರು: "ಈಗ ಸಮಾಧಾನ ಆಯ್ತಾ ಅತ್ತಿಗೆ?"

ಉತ್ತರ ನಾಲಿಗೆಯ ತುದಿಗೇ ಇತ್ತು. ವಾಲ್ವ್ ಹಾಕದಿದ್ದರೆ ಮುಂದಿನ ತಿಂಗಳು ನೀನು ಹೆಣ ನೋಡಲು ಬರುತ್ತಿದ್ದೆ ಎಂದು. ಆಡಲಿಲ್ಲ. ಗಂಡ ಆಡಿದ. ಬೆಂಚಿನಿಂದ ಎದ್ದು ನಿಂತು, "ಸಹಿ ಹಾಕಿದ್ದು ಅಪ್ಪ. ಕಣ್ಣಾರೆ ನೋಡಿ ಹಾಕಿದ್ದು. ನಾನೂ ಅಲ್ಲಿದ್ದೆ. ಸುಮ್ನಿರು" ಎಂದ.

ಮೇ 5

ಹನ್ನೆರಡು ದಿನ ಬರೆಯಲಿಲ್ಲ. ಬರೆಯುವುದೇನಿತ್ತು? ಲ್ಯಾಬು, ವಾರ್ಡು, ಮನೆ.

ಮಲ ಸಹಜ ಬಣ್ಣಕ್ಕೆ ಬಂದಿದೆ. ಹಿಮೋಗ್ಲೋಬಿನ್ ಏರುತ್ತಿದೆ, ಯಾರೂ ಏರಿಸದೆ. ಬಲಗೈ ಬೆರಳುಗಳು ಅಲ್ಲಾಡುತ್ತಿವೆ. ಮಾತು ಮಾತ್ರ ಇಲ್ಲ. ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಗಾಳಿ. ಬೈಯಲು ಆಗದೆ ಮಲಗಿದ ಚೀಫನ್ನು ನೋಡುವುದು ಕಷ್ಟ. ಬಂದವರೆಲ್ಲ ಅವರೊಂದಿಗೆ ಕೂಸಿನ ಜೊತೆ ಆಡುವ ಹಾಗೆ ಆಡುತ್ತಾರೆ. ಅವರ ಹಳೆಯ ಆಫೀಸಿನವನೊಬ್ಬ ಕೆನ್ನೆ ತಟ್ಟಿ, "ಬೇಗ ಹುಷಾರಾಗ್ಬೇಕು, ಆಯ್ತಾ ಸರ್?" ಎಂದ. ಇವರ ಎಡಗೈ ಮುಷ್ಟಿ ಬಿಗಿಯಿತು.

ಅವನು ಹೋದ ಮೇಲೆ ಅವರ ಪರವಾಗಿ ನಾನೇ ಶುರುಮಾಡಿದೆ. "ನೋಡಿದ್ರಾ ಮಾವ, ಇಷ್ಟು ವರ್ಷ ನಿಮ್ಮ ಕೈ ಕೆಳಗಿದ್ದೂ ಏನೂ ಕಲಿತಿಲ್ಲ. ತಂದ ಹಣ್ಣು ನೋಡಿ, ಅರ್ಧ ಕೊಳೆತದ್ದು. ಮಾರೋನು ಇವನ ಮುಖ ನೋಡಿಯೇ ಕೊಟ್ಟಿದಾನೆ." ಬಾಯಿಯ ಒಂದು ಕಡೆ ಮೇಲೆದ್ದಿತು. ಹೊಟ್ಟೆ ಕುಲುಕಿತು. ನಗು. ಆಮೇಲೆ ಸೂಪು ಕೊಡುವವಳು, ಟಿವಿಯ ನಿರೂಪಕ, ಪಕ್ಕದ ಮಂಚದವನ ಗೊರಕೆ, ಒಬ್ಬರನ್ನೂ ಬಿಡಲಿಲ್ಲ. ನಾದಿನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಂದು ಅಪ್ಪನ ದಿಂಬು ಸರಿಮಾಡಿದಳು, ತಪ್ಪಾಗಿ.

ಎಲ್ಲರೂ ಎದ್ದು ಹೋದ ಮೇಲೆ ಹೇಳಿದೆ: "ವಾಲ್ವ್ ಮಾತು ಎತ್ತಿದ್ದು ನಾನು ಮಾವ. ಬೈಬೇಕಾದ್ರೆ ಮೊದಲು ನನ್ನ ಬೈಯಿರಿ."

ತಲೆ ಅಲ್ಲಾಡಿಸಿದರು. ಎಡಗೈಯಲ್ಲಿ ಮಂಚದ ತುದಿಯ ಚಾರ್ಟ್ ತೋರಿಸಿದರು. ತಂದುಕೊಟ್ಟೆ. ಏರುತ್ತಿರುವ ಗೆರೆಯ ಮೇಲೆ ಬೆರಳಿಟ್ಟು ಬಡಿದರು. ಮತ್ತೆ ಬಡಿದರು. ಮಂದಬುದ್ಧಿಯ ಜೂನಿಯರಿಗೆ ನಕ್ಷೆ ತೋರಿಸುವ ಹಾಗೆ.

ಮೇ 14

ಇವತ್ತು ಮಾತು ಕಲಿಸುವ ಥೆರಪಿಸ್ಟ್ ಚಿತ್ರದ ಕಾರ್ಡುಗಳನ್ನು ತಂದಿದ್ದಳು. ಸೇಬು. ಬಸ್ಸು. ನಾಯಿ. "ಇದೇನು ಹೇಳಿ ನೋಡೋಣ?" ಚೀಫ್ ಗೋಡೆ ನೋಡಿದರು. ಸೇಬಿಗೆಲ್ಲ ಬಾಯಿ ತೆರೆಯುವವರಲ್ಲ ಅವರು. ಅವಳಿಗೆ ತಾಳ್ಮೆ ಜಾಸ್ತಿ, ಬುದ್ಧಿ ಕಡಿಮೆ. ಕೊನೆಗೆ ಕಾರ್ಡು ಬಿಟ್ಟು ನನ್ನತ್ತ ಬೆರಳು ತೋರಿಸಿ, "ಇವರು ಯಾರು? ಇವರು ನಿಮಗೆ ಏನಾಗಬೇಕು?" ಎಂದಳು.

ಗಂಡ, ನಾದಿನಿ ಇಬ್ಬರೂ ಮುಂದಕ್ಕೆ ಬಾಗಿದರು. ನಾನು ಕಿಟಕಿಯತ್ತ ತಿರುಗಿದೆ. ಇಂಥ ನಾಟಕಗಳು ನನಗೆ ಆಗುವುದಿಲ್ಲ.

ಬಾಯಿ ಒದ್ದಾಡುವ ಸದ್ದು. ಆಮೇಲೆ, ತೊದಲುತ್ತ, ಆದರೆ ಸ್ಪಷ್ಟವಾಗಿ:

"ಇಂ...ಜಿನಿಯರು."

"ಅಲ್ಲ ಅಲ್ಲ," ಎಂದಳು ಅವಳು ಮುದ್ದಿನಿಂದ. "ಸೊಸೆ. ಹೇಳಿ, ಸೊ-ಸೆ."

ಚೀಫ್ ಅವಳನ್ನು ನೋಡಿದ ನೋಟ! ಮೊದಲಿನ ನೋಟ, ಜಿಲ್ಲೆಗಳು ನಡುಗುತ್ತಿದ್ದ ನೋಟ.

"ಇಂಜಿನಿಯರು."

ಅವಳು ತಪ್ಪು ಎಂದು ಬರೆದುಕೊಂಡಳು. ಇದು ಸಹಜ, ಪದಗಳು ಅದಲುಬದಲಾಗುತ್ತವೆ, ತಿಂಗಳಲ್ಲಿ ಸರಿಹೋಗುತ್ತದೆ ಎಂದು ಸಮಾಧಾನವನ್ನೂ ಹೇಳಿದಳು. ನಾದಿನಿ ಕಣ್ಣೊರೆಸಿಕೊಂಡಳು. ನಾನು ಕಿಟಕಿಯನ್ನೇ ನೋಡುತ್ತಿದ್ದೆ. ಹೊರಗೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಈ ಕಡೆ ತಿರುಗಲು ಹೊತ್ತು ಹಿಡಿಯಿತು.

ನಾನು ಇಂಜಿನಿಯರ್ ಅಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ತಪ್ಪು ಅಂತಲೇ ಬರೆದುಕೊಳ್ಳಲಿ. ಅವಳಿಗೇನು ಗೊತ್ತು, ಆ ಮನುಷ್ಯ ಯಾರಿಗೂ ಸುಮ್ಮಸುಮ್ಮನೆ ಆ ಪಟ್ಟ ಕೊಡುವವರಲ್ಲ ಅಂತ.